ಅಟ್ಟ ಇಳಿಸುವುದು ಹೇಗೆ

ನಮ್ಮ ಮನೆ ಅಟ್ಟದಲ್ಲಿ ಎಂಟು ಐಸ್‌ಕ್ರೀಮ್ ಡಬ್ಬಿ ಇದ್ದವು. ಒಂದರೊಳಗೊಂದು ಕೂರಿಸಿ, ದಾರ ಕಟ್ಟಿ, ಜೋಪಾನವಾಗಿ ಎತ್ತಿಟ್ಟವಳು ನಾನೇ. ಒಂದಕ್ಕೂ ಮುಚ್ಚಳ ಇರಲಿಲ್ಲ. ಮುಚ್ಚಳಗಳು ಬೇರೆ ಕವರಿನಲ್ಲಿ ಸಿಕ್ಕವು, ಹನ್ನೊಂದು. ನೆಲದ ಮೇಲೆ ಕೂತು ಒಂದೊಂದನ್ನೂ ಒತ್ತಿ ನೋಡಿದೆ. ಒಂದೂ ಕೂರಲಿಲ್ಲ.

ಇದು ಹೋದ ಆಷಾಢದ ಮಾತು. ಸೋಲಾರ್ ಪೈಪು ಸೋರಿ ಬಚ್ಚಲುಮನೆ ಗೋಡೆ ಒದ್ದೆಯಾಗಿತ್ತು. ಪ್ಲಂಬರ್ ಬಂದು ನೋಡಿ, "ಪೈಪು ಅಟ್ಟದೊಳಗಿಂದ ಹೋಗಿದೆ ಮೇಡಂ. ನಾಳೆ ಹತ್ತಕ್ಕೆ ಬರ್ತೀನಿ, ಖಾಲಿ ಮಾಡಿಸಿ ಇಟ್ಟಿರಿ" ಎಂದು ಹೇಳಿ ಹೋದ. ಇಪ್ಪತ್ತೊಂಬತ್ತು ವರ್ಷ ತುಂಬಿಸಿದ್ದನ್ನು ಒಂದು ರಾತ್ರಿಯಲ್ಲಿ ಖಾಲಿ ಮಾಡಬೇಕಂತೆ. ಮಾಡಿದೆವು. ಅವನು ಬಂದದ್ದು ಐದನೇ ದಿನ. ಅಲ್ಲಿಯವರೆಗೂ ಇಡೀ ಅಟ್ಟ ನಮ್ಮ ಹಾಲಿನಲ್ಲಿ ಕೂತಿತ್ತು. ಕಾಫಿ ಲೋಟ ಹಿಡಿದುಕೊಂಡು ಅದನ್ನು ದಾಟಿ ಸೋಫಾ ತಲುಪಬೇಕು. ದಾಟುವಾಗಲೆಲ್ಲ ಏನಾದರೊಂದು ಕಣ್ಣಿಗೆ ಬೀಳುತ್ತಿತ್ತು, ಇದನ್ನು ಯಾಕೆ ಇಟ್ಟೆ ಅನ್ನಿಸುತ್ತಿತ್ತು. ಆ ನಾಲ್ಕು ದಿನದಲ್ಲಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಮನೆಯಲ್ಲೂ ಅಟ್ಟ ಇದ್ದರೆ ಉಪಯೋಗಕ್ಕೆ ಬರಬಹುದು.

ನನ್ನ ಬಗ್ಗೆ ಎರಡು ಮಾತು. ನಾನು ಬ್ಯಾಂಕಿನಲ್ಲಿ 37 ವರ್ಷ ದುಡಿದು ಮನೆಗೆ ಬಂದವಳು. ಕೊನೆಯ ಹದಿನಾಲ್ಕು ವರ್ಷ ಸಾಲದ ಕಡೆ ಇದ್ದೆ. ಮನೆ ಮೈಸೂರಿನ ಕುವೆಂಪುನಗರದಲ್ಲಿ. ನಮ್ಮ ಮನೆಯವರು ತುಕ್ಕು ಹಿಡಿದ ಸ್ಕ್ರೂ ಕೂಡ ಬಿಸಾಡದ ಮನುಷ್ಯ. ಬಿಸಾಡುವವಳು ನಾನು ಅಂತ ಇಷ್ಟು ವರ್ಷ ನಂಬಿಕೊಂಡಿದ್ದೆ. ಇಳಿಸಿ ಎಣಿಸಿದಾಗ ಮುಕ್ಕಾಲು ಪಾಲು ನನ್ನದೇ.

ಯಾವ ದಿನ, ಹೇಗೆ

ಆಷಾಢ ಒಳ್ಳೆಯದು. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ನೆಂಟರು ಕಮ್ಮಿ. ಹಬ್ಬದ ಹಿಂದಿನ ವಾರ ಮಾತ್ರ ಬೇಡವೇ ಬೇಡ. ಹಬ್ಬ ತಲೆ ಮೇಲೆ ಕೂತಿರುವಾಗ ಕೈ ತಾನಾಗೇ ಎಲ್ಲವನ್ನೂ ವಾಪಸ್ ಒಳಗೆ ತಳ್ಳುತ್ತೆ. ಆಷಾಢದ ತೊಂದರೆ ಅಂದರೆ ಮಳೆ. ಪೇಪರ್, ರಟ್ಟು ನೆನೆದರೆ ಗುಜರಿಯವನು ತೂಕ ಹಾಕುವಾಗ ಮುಖ ಸಿಂಡರಿಸುತ್ತಾನೆ. ಮಂಗಳವಾರ, ಶುಕ್ರವಾರ ಮನೆಯಿಂದ ಏನೂ ಆಚೆ ಹೋಗಬಾರದು ಅನ್ನುವ ಹಿರಿಯರಿದ್ದರೆ ವಾದಕ್ಕೆ ಇಳಿಯಬೇಡಿ. ಆ ದಿನ ವಿಂಗಡಿಸಿ, ಬುಧವಾರ ಸಾಗಿಸಿ.

ಬೆಳಿಗ್ಗೆ ತಿಂಡಿ ಆದ ಮೇಲೆ ಶುರುಮಾಡಿ. ಹಳೇ ಬಟ್ಟೆ ಹಾಕಿಕೊಳ್ಳಿ, ತಲೆಗೆ ಟವೆಲ್, ಮೂಗಿಗೆ ಮಾಸ್ಕ್. ಏಣಿ ಹಿಡಿಯೋಕೆ ಒಬ್ಬರು ಬೇಕೇ ಬೇಕು. ಅರವತ್ತು ದಾಟಿದವರು ಹತ್ತುವುದು ಬೇಡ, ಪಕ್ಕದ ಮನೆ ಹುಡುಗನಿಗೆ ಒಂದು ಒಳ್ಳೆ ಊಟ ಹಾಕಿಸಿ ಹತ್ತಿಸಿ. ಒಳಗೆ ಕೈ ಹಾಕುವ ಮುಂಚೆ ಟಾರ್ಚ್ ಬಿಡಿ, ಕೋಲಿನಲ್ಲಿ ಒಂದು ಸಲ ಕುಟ್ಟಿ. ಹಲ್ಲಿ, ಜಿರಳೆಗಳಿಗೂ ಎದ್ದು ಹೋಗೋಕೆ ಟೈಮು ಬೇಕು.

ಈಗ ಮುಖ್ಯವಾದ ಮಾತು. ಏಣಿ ಮೇಲೆ ನಿಂತು ಬೇಕೋ ಬೇಡವೋ ಅಂತ ತೀರ್ಮಾನ ಮಾಡಬೇಡಿ. ಎಲ್ಲವನ್ನೂ ಕೆಳಗೆ ಇಳಿಸಿ, ಎಲ್ಲವನ್ನೂ. ಏಣಿ ಮೇಲೆ ಕಾಲು ನೋಯುತ್ತಿರುತ್ತೆ, ಕುತ್ತಿಗೆ ಬಗ್ಗಿರುತ್ತೆ. ಕೈಯಲ್ಲಿದ್ದದ್ದನ್ನು ವಾಪಸ್ ಇಡೋದು ಇಳಿಸೋದಕ್ಕಿಂತ ಸುಲಭ. ನಾವು ಹಿಂದೆ ಮೂರು ಸಲ "ಅಟ್ಟ ಕ್ಲೀನ್" ಮಾಡಿದ್ದೆವು. ಮೂರು ಸಲವೂ ಮಾಡಿದ್ದು ಅದೇ: ಎಡಗಡೆ ಇದ್ದದ್ದು ಬಲಗಡೆ ಹೋಯಿತು, ಮುಂದಿದ್ದದ್ದು ಹಿಂದೆ.

ಹಳೇ ಪೇಪರ್ ಓದಬೇಡಿ

ಅಟ್ಟದಲ್ಲಿ ದಸರಾ ಗೊಂಬೆಗಳ ಟ್ರಂಕು ಎರಡು. ಒಂದನ್ನು ಪ್ರತಿ ವರ್ಷ ಇಳಿಸುತ್ತೇವೆ. ಇನ್ನೊಂದರಲ್ಲಿ ಕೈ ಮುರಿದವು, ಬಣ್ಣ ಹೋದವು. ಬಾಡಿಗೆ ಮನೆಯಿಂದ ಬರುವಾಗ ಪೇಪರಿನಲ್ಲಿ ಸುತ್ತಿದ ಹಾಗೇ ಇದ್ದವು. ಕೊಳಲಿಲ್ಲದ ಕೃಷ್ಣನನ್ನು ಬಿಚ್ಚಿದೆ, ಒಳಗೆ 1996ರ ಮಾರ್ಚ್ ಪೇಪರು. ಚಿನ್ನಸ್ವಾಮಿ ಮೈದಾನದಲ್ಲಿ ಪಾಕಿಸ್ತಾನದ ಮೇಲೆ ವಿಶ್ವಕಪ್ ಕ್ವಾರ್ಟರ್ ಫೈನಲ್, ವೆಂಕಟೇಶ್ ಪ್ರಸಾದ್ ಆಮೀರ್ ಸೊಹೈಲ್‌ನ ಸ್ಟಂಪ್ ಹಾರಿಸಿದ ಸುದ್ದಿ.

"ಕೊಡೇ ಇಲ್ಲಿ" ಎಂದರು ನಮ್ಮ ಮನೆಯವರು. ಅಷ್ಟೇ. ಮುಕ್ಕಾಲು ಗಂಟೆ ಹೋಯಿತು. ಅವರು ಓದಿದ್ದಲ್ಲದೆ ನನಗೂ ಓದಿ ಹೇಳಿದರು. ಏಣಿ ಹಿಡಿಯೋಕೆ ಬಂದಿದ್ದ ಪಕ್ಕದ ಮನೆ ಹುಡುಗ ಫೋನ್ ತೆಗೆದು ಅದೇ ಓವರಿನ ವಿಡಿಯೋ ಹುಡುಕಿ ತೋರಿಸಿದ. ಮೂವರೂ ಟ್ರಂಕಿನ ಮೇಲೆ ಕೂತು ನೋಡಿದೆವು.

ಸುತ್ತಿದ ಪೇಪರನ್ನು ಬಿಚ್ಚಿದ ಕೂಡಲೇ ಮುದ್ದೆ ಮಾಡಿ ಚೀಲಕ್ಕೆ ಹಾಕಿ. ನೀವೇ ಮಾಡಿ, ಓದುವ ಚಾಳಿ ಇರುವವರ ಕೈಗೆ ಕೊಡಬೇಡಿ. ಆಲ್ಬಮ್ ಸಿಕ್ಕರೂ ಅಷ್ಟೇ, ನೇರ ಮಂಚದ ಕೆಳಗೆ. ರಾತ್ರಿ ನೋಡಿದರಾಯಿತು.

ಬ್ಯಾಂಕಿನ ಲೆಕ್ಕದಲ್ಲಿ ನಾಲ್ಕು ಗುಡ್ಡೆ

ಸಾಲದ ವಿಭಾಗದಲ್ಲಿದ್ದಾಗ ನಾನು ಜಾಸ್ತಿ ಕೇಳಿದ ಮಾತು "ಕಟ್ತೀನಿ ಮೇಡಂ". ಬೆಳೆ ಬರ್ಲಿ ಕಟ್ತೀನಿ, ಮಗನ ಕೆಲಸ ಆಗ್ಲಿ ಕಟ್ತೀನಿ. ಸುಳ್ಳು ಹೇಳುತ್ತಿದ್ದರು ಅಂತಲ್ಲ. ಹೇಳುವಾಗ ಅವರಿಗೂ ನಂಬಿಕೆ ಇರುತ್ತಿತ್ತು. ಆದರೆ ತಾರೀಖು ಇರುತ್ತಿರಲಿಲ್ಲ. ಅಟ್ಟದ ಮುಂದೆ ನಿಂತು ನಾವು ಹೇಳುವ "ಇರ್ಲಿ, ಬೇಕಾಗುತ್ತೆ" ಇದೆಯಲ್ಲ, ಅದೂ ಅದೇ ರಾಗ.

ಬ್ಯಾಂಕು ಇದಕ್ಕೆ ಒಂದು ದಾರಿ ಮಾಡಿಕೊಂಡಿದೆ. ಕಂತು 90 ದಿನ ದಾಟಿಯೂ ಬರಲಿಲ್ಲ ಅಂದರೆ ಅದು ಎನ್‌ಪಿಎ, ಅಂದರೆ ಕೆಟ್ಟ ಸಾಲ. ಸಾಲಗಾರ ಒಳ್ಳೆಯವನೋ ಕೆಟ್ಟವನೋ, ನಗುತ್ತಾ ಮಾತಾಡಿಸುತ್ತಾನೋ ಇಲ್ಲವೋ, ಅದು ಲೆಕ್ಕಕ್ಕಿಲ್ಲ. ದಿನ ಎಣಿಸುವುದು ಅಷ್ಟೇ. ಆಮೇಲೆ ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಸಾಲಗಳನ್ನು ನಾಲ್ಕು ಬಗೆ ಮಾಡುತ್ತೇವೆ: ಸ್ಟ್ಯಾಂಡರ್ಡ್ (ಸರಿಯಾಗಿರುವುದು), ಸಬ್‌ಸ್ಟ್ಯಾಂಡರ್ಡ್ (ಕೆಡೋಕೆ ಶುರುವಾದದ್ದು), ಡೌಟ್‌ಫುಲ್ (ಬರುವುದು ಅನುಮಾನ), ಲಾಸ್ (ಮುಳುಗಿದ್ದು). ನಾನು ಹಾಲಿನಲ್ಲಿ ನಾಲ್ಕು ಚಾಪೆ ಹಾಸಿದೆ.

ಮೊದಲ ಚಾಪೆ: ಕಳೆದ ಒಂದು ವರ್ಷದಲ್ಲಿ ಒಮ್ಮೆಯಾದರೂ ಕೆಳಗೆ ಬಂದದ್ದು. ಗೊಂಬೆ ಟ್ರಂಕು, ದೀಪಾವಳಿ ಸರದ ಲೈಟು, ಚಕ್ಕುಲಿ ಒರಳು, ಹತ್ತು ಜನ ಬಂದರೆ ತೆಗೆಯುವ ದೊಡ್ಡ ಕುಕ್ಕರ್. ಇವು ಮತ್ತೆ ಮೇಲೆ ಹೋಗಬಹುದು. ಎರಡನೆಯದು: ಎರಡು ವರ್ಷದಿಂದ ಮುಟ್ಟಿಲ್ಲ, ಆದರೆ ಕೆಲಸ ಮಾಡುತ್ತೆ. ಮೂರನೆಯದು: ಯಾಕೆ ಇಟ್ಟೆವು ಅಂತ ಇಬ್ಬರಿಗೂ ನೆನಪಿಲ್ಲ. ನಾಲ್ಕನೆಯದು ಕೆಟ್ಟದ್ದು, ಮುರಿದದ್ದು, ಜೊತೆ ಕಳೆದುಕೊಂಡದ್ದು. ನನ್ನ ಐಸ್‌ಕ್ರೀಮ್ ಡಬ್ಬಿ ಮುಚ್ಚಳ ಸಮೇತ ಅಲ್ಲಿಗೆ ಹೋದವು.

ನಾಲ್ಕನೇ ಚಾಪೆ ಮೇಲೆ ಕರುಣೆ ತೋರಿಸಬೇಡಿ. ರಿಪೇರಿ ಮಾಡಿಸಿದರೆ ಆಗುತ್ತೆ ಅಂತ ಅನ್ನಿಸಿದರೆ ಅದೇ ದಿನ ಸಂಜೆ ರಿಪೇರಿಗೆ ಒಯ್ಯಿರಿ. ಆಗಲ್ಲ ಅಂದರೆ ಅದು ಆಗಲ್ಲ. ನಮ್ಮ ಹಳೇ ಮಿಕ್ಸಿ ಹನ್ನೆರಡು ವರ್ಷದಿಂದ ರಿಪೇರಿಗೆ ಹೊರಟು ಅಟ್ಟದಲ್ಲೇ ಕೂತಿತ್ತು.

ಇಲ್ಲೊಂದು ಮೋಸ ಇದೆ, ಬ್ಯಾಂಕಿನವರಿಗೆ ಚೆನ್ನಾಗಿ ಗೊತ್ತು. ಸಾಲ ಕೆಟ್ಟಿದೆ ಅಂತ ತೋರಿಸಬಾರದು ಅಂದರೆ ಅದೇ ಸಾಲಗಾರನಿಗೆ ಹೊಸ ಸಾಲ ಕೊಟ್ಟು ಹಳೆಯದನ್ನು ತೀರಿಸಿದ ಹಾಗೆ ಬರೆಯುವುದು. ಎವರ್‌ಗ್ರೀನಿಂಗ್ ಅಂತಾರೆ. ಮನೆಯಲ್ಲಿ ಇದನ್ನು ನಾವು ಮಾಡುವುದು ದೊಡ್ಡ ಪ್ಲಾಸ್ಟಿಕ್ ಡಬ್ಬ ಕೊಂಡು ತಂದು. ಮುಚ್ಚಳಕ್ಕೆ ಚಿಲಕ, ಕೆಳಗೆ ಚಕ್ರ, ಒಳಗಿದ್ದದ್ದು ಕಾಣುವ ಹಾಗೆ ಪಾರದರ್ಶಕ. ಅದೇ ಹಳೇ ವೈರು, ಅದೇ ಒಡೆದ ಟಾರ್ಚು ಅದರೊಳಗೆ ಸೇರಿದ ಕೂಡಲೇ ಗೌರವಾನ್ವಿತ ಸಾಮಾನು ಆಗಿಬಿಡುತ್ತೆ. ಅಟ್ಟ ಇಳಿಸುವ ವಾರ ಡಬ್ಬದ ಅಂಗಡಿ ಕಡೆ ತಲೆ ಹಾಕಬೇಡಿ. ನಾನು ಹಾಕಿದ್ದೆ, 2018ರಲ್ಲಿ. ಆ ಡಬ್ಬಗಳೂ ಈ ಸಲ ಅಟ್ಟದಿಂದಲೇ ಇಳಿದವು.

ಯೆಜ್ಡಿಯ ಕಿಕ್ಕರ್

ಎರಡನೇ ಚಾಪೆಯಲ್ಲೇ ಜಗಳ ಆಗುವುದು. ನಮ್ಮ ಜಗಳ ಒಂದು ಗೋಣಿಚೀಲದ ಮೇಲೆ ಆಯಿತು. ಒಳಗೆ ಕಾರ್ಬುರೇಟರ್, ಎರಡು ಕೇಬಲ್, ಒಂದು ಸೈಲೆನ್ಸರ್ ತುಂಡು, ಬಗ್ಗಿದ ಒಂದು ಲಿವರ್. ಎಲ್ಲ ಯೆಜ್ಡಿ ಬೈಕಿನದ್ದು. ಇವರು ಅದನ್ನು ಕೊಂಡಿದ್ದು 1984ರಲ್ಲಿ, ಮಾರಿದ್ದು 2003ರಲ್ಲಿ. ಗಾಡಿ ಹೋಯಿತು, ಚೀಲ ಉಳಿಯಿತು.

ಮೈಸೂರಿನವರಿಗೆ ಯೆಜ್ಡಿ ಬರೀ ಗಾಡಿ ಅಲ್ಲ ಅನ್ನುವುದು ನನಗೂ ಗೊತ್ತು. ಅದನ್ನು ಮಾಡುತ್ತಿದ್ದ ಐಡಿಯಲ್ ಜಾವಾ ಫ್ಯಾಕ್ಟರಿ 1961ರಲ್ಲಿ ಇಲ್ಲೇ ಶುರುವಾಯಿತು, 1996ರಲ್ಲಿ ಇಲ್ಲೇ ಮುಚ್ಚಿತು. ಅಲ್ಲಿ ಕೆಲಸ ಮಾಡಿದವರು ನಮ್ಮ ಬೀದಿಯಲ್ಲೇ ಇಬ್ಬರು ಇದ್ದರು. ಆದರೂ ಕೇಳಿದೆ.

"ರೀ, ಗಾಡಿನೇ ಇಲ್ಲ. ಇದು ಯಾಕೆ?"

"ಇರ್ಲಿ ಬಿಡೇ. ಬೇಕಾಗುತ್ತೆ."

"ಯಾರಿಗೆ?"

ಅವರು ಉತ್ತರ ಕೊಡಲಿಲ್ಲ. ಚೀಲದಿಂದ ಆ ಲಿವರ್ ತೆಗೆದರು. ಯೆಜ್ಡಿಯಲ್ಲಿ ಗೇರಿಗೂ ಕಿಕ್ಕಿಗೂ ಒಂದೇ ಲಿವರ್, ಒಳಗೆ ಒತ್ತಿ ಮೇಲೆ ತಿರುಗಿಸಿದರೆ ಅದೇ ಕಿಕ್ಕರ್. ಗಾಳಿಯಲ್ಲಿ ಹಿಡಿದು ತಿರುಗಿಸಿ ತೋರಿಸಿದರು. ಕಾಲು ತಾನಾಗೇ ಎತ್ತಿತು. ಅರವತ್ತೇಳು ವರ್ಷದ ಮನುಷ್ಯ, ಪಂಚೆ ಉಟ್ಟುಕೊಂಡು, ಹಾಲಿನ ಮಧ್ಯೆ ಇಲ್ಲದ ಗಾಡಿಗೆ ಕಿಕ್ ಹೊಡೆದರು.

ಇಂಥ ಕಡೆ "ಇದು ಬೇಕಾ?" ಅಂತ ಕೇಳಬೇಡಿ, ಉತ್ತರ ಯಾವಾಗಲೂ ಬೇಕು ಅಂತಲೇ ಬರುತ್ತೆ. ಬ್ಯಾಂಕಿನ ಒಂದು ಟ್ರೈನಿಂಗಿನಲ್ಲಿ ಕೇಳಿದ ಪ್ರಯೋಗ ನೆನಪಿಗೆ ಬಂತು. ಡೇನಿಯಲ್ ಕಾನ್‌ಮನ್, ರಿಚರ್ಡ್ ಥೇಲರ್ ಮತ್ತು ಅವರ ಜೊತೆಗಾರ ಸೇರಿ 1990ರಲ್ಲಿ ಪ್ರಕಟಿಸಿದ್ದು. ಇವರಿಬ್ಬರಿಗೂ ಮುಂದೆ ಅರ್ಥಶಾಸ್ತ್ರದ ನೊಬೆಲ್ ಬಂತು, ಒಬ್ಬರಿಗೆ 2002ರಲ್ಲಿ, ಇನ್ನೊಬ್ಬರಿಗೆ 2017ರಲ್ಲಿ. ಕಾಲೇಜಿನ ಹುಡುಗರಲ್ಲಿ ಕೆಲವರಿಗೆ ಒಂದೊಂದು ಕಾಫಿ ಮಗ್ಗು ಕೊಟ್ಟರು, ಕೆಲವರಿಗೆ ಕೊಡಲಿಲ್ಲ. ಮಗ್ಗು ಸಿಕ್ಕವರನ್ನು ಎಷ್ಟಕ್ಕೆ ಮಾರ್ತೀರಿ ಅಂದರು, ಸುಮಾರು 7 ಡಾಲರ್ ಬಂತು. ಸಿಗದವರನ್ನು ಎಷ್ಟಕ್ಕೆ ಕೊಳ್ತೀರಿ ಅಂದರೆ 3 ಡಾಲರ್ ಆಸುಪಾಸು. ಮಗ್ಗು ಅದೇ. ಕೈಗೆ ಬಂದು ಸ್ವಲ್ಪ ಹೊತ್ತಾಗಿತ್ತು ಅಷ್ಟೇ, ಬೆಲೆ ಎರಡು ಪಟ್ಟು ದಾಟಿತ್ತು. ಇನ್ನು ಇಪ್ಪತ್ತು ವರ್ಷ ಮನೆಯಲ್ಲಿದ್ದ ಕಾರ್ಬುರೇಟರ್‌ಗೆ ಎಷ್ಟಾಗಬೇಡ.

ಹಾಗಾಗಿ ಪ್ರಶ್ನೆ ತಿರುಗಿಸಿ ಕೇಳಬೇಕು. "ಇದೇ ಚೀಲವನ್ನು ನಾಳೆ ಗುಜರಿ ಅಂಗಡಿಯಲ್ಲಿ ನೋಡಿದರೆ ಎಷ್ಟು ದುಡ್ಡು ಕೊಟ್ಟು ತರ್ತೀರಿ?" ಎಂದೆ. ಇವರು ಪ್ರಾಮಾಣಿಕ ಮನುಷ್ಯ. ಯೋಚಿಸಿದರು. "ಚೀಲಕ್ಕೆ ಏನೂ ಕೊಡಲ್ಲ. ಈ ಕಿಕ್ಕರ್‌ಗೆ ಇನ್ನೂರು ಕೊಡ್ತೀನಿ" ಎಂದರು. ಚೀಲ ಒಬ್ಬ ಮೆಕ್ಯಾನಿಕ್ ಹತ್ತಿರ ಹೋಯಿತು, ಅವನು ಹಳೇ ಗಾಡಿ ಜೋಡಿಸುವವನು, ಖುಷಿಯಿಂದ ತಗೊಂಡ. ಕಿಕ್ಕರ್ ಈಗ ನಮ್ಮ ಟಿವಿ ಪಕ್ಕ ಇದೆ, ಗಣಪತಿ ವಿಗ್ರಹಕ್ಕೂ ರಿಮೋಟಿಗೂ ನಡುವೆ. ವಾರಕ್ಕೊಮ್ಮೆ ಅದಕ್ಕೆ ಎಣ್ಣೆ ಹಚ್ಚುತ್ತಾರೆ. ನಾನು ಸುಮ್ಮನಿದ್ದೇನೆ. ಮನೆಯಲ್ಲಿ ಒಬ್ಬೊಬ್ಬರಿಗೆ ಇಂಥದ್ದು ಒಂದು ಬಿಡಿ, ಆಗ ಉಳಿದ ಮೂವತ್ತು ಸಲೀಸಾಗಿ ಹೋಗುತ್ತೆ.

ನನ್ನ ಕಿಕ್ಕರ್ ಯಾವುದು ಅಂತೀರಾ? ಕ್ರೋಶಾ ದಾರ. 1998ರಲ್ಲಿ ಕೊಂಡದ್ದು, ಹದಿನಾರು ಉಂಡೆ, ಮೂರು ಕಡ್ಡಿ. ರಿಟೈರ್ ಆದಮೇಲೆ ಮಾಡ್ತೀನಿ ಅಂತ ಇಟ್ಟಿದ್ದೆ. ರಿಟೈರ್ ಆಗಿ ಮೂರು ವರ್ಷ ಆಗಿತ್ತು. ಕೈಯಲ್ಲಿ ಹಿಡಿದಾಗ ತಿಳಿಯಿತು, ನಾನು ಇಟ್ಟುಕೊಂಡದ್ದು ದಾರ ಅಲ್ಲ. ಮಧ್ಯಾಹ್ನದ ಹೊತ್ತು ಕಿಟಕಿ ಪಕ್ಕ ಕೂತು ನಿಧಾನವಾಗಿ ಹೆಣೆಯುವ ಒಬ್ಬ ಹೆಂಗಸು ಇದ್ದಳು ನನ್ನ ತಲೆಯಲ್ಲಿ, ಅವಳನ್ನು. ಹಾರ್ಮೋನಿಯಂ, ಯೋಗದ ಚಾಪೆ, ಮಗನ ಕೀಬೋರ್ಡು, ಸಂಸ್ಕೃತ ಕಲಿಯುವ ಪುಸ್ತಕ ಎಲ್ಲ ಇದೇ ಜಾತಿ. ಇವನ್ನು ಬಿಸಾಡುವಾಗ ಜಾಸ್ತಿ ನೋಯುತ್ತೆ, ಮುರಿದ ಮಿಕ್ಸಿಗಿಂತ ಜಾಸ್ತಿ.

ನಾನು ಕಂಡುಕೊಂಡದ್ದು ಇಷ್ಟು: ಒಂದು ವಾರ ಕೊಡಿ. ಅಟ್ಟದಿಂದ ಇಳಿಸಿ ಊಟದ ಮೇಜಿನ ಮೇಲೆ ಇಡಿ. ಏಳು ದಿನದಲ್ಲಿ ಒಂದು ಸಲ ಮಾಡಿ ನೋಡಿ. ನಾನು ಲೋಟದ ಕೆಳಗೆ ಇಡುವ ಒಂದು ಚಿಕ್ಕ ಚಕ್ರ ಹೆಣೆದೆ. ಎರಡು ಸಂಜೆ ಹಿಡಿಯಿತು. ಚಕ್ರ ಬಟ್ಟಲಿನ ಹಾಗೆ ಮೇಲೆದ್ದು ನಿಂತಿತ್ತು. ಬೆನ್ನು ನೋವು ಬಂತು, ಖುಷಿ ಬರಲಿಲ್ಲ. ದಾರವೆಲ್ಲ ಎದುರು ಮನೆ ಹುಡುಗಿಗೆ ಕೊಟ್ಟೆ. ಅವಳು ಫೋನ್ ನೋಡಿಕೊಂಡೇ ಒಂದು ಆಮೆ ಮಾಡಿದಳು.

ರವಿಕೆ ಕಣ ಅನ್ನುವ ನೋಟು

ಅಟ್ಟದಲ್ಲಿ ಒಂದು ಸೂಟ್‌ಕೇಸು ತುಂಬಾ ರವಿಕೆ ಕಣ ಇದ್ದವು. 64. ಅರಿಶಿನ ಕುಂಕುಮಕ್ಕೆ ಹೋದಾಗ ತಾಂಬೂಲದ ಜೊತೆ ಕೊಟ್ಟವು. ನನ್ನ ಹತ್ತಿರ ಅಷ್ಟು ಸೀರೆಯೇ ಇಲ್ಲ.

ಇದರ ಗುಟ್ಟು ನನಗೆ ಆಗಲೇ ಗೊತ್ತಿತ್ತು. 2022ರ ವರಮಹಾಲಕ್ಷ್ಮಿ ದಿನ ಒಂದು ಬಾಟಲ್ ಗ್ರೀನ್ ಕಣದ ಅಂಚಿನಲ್ಲಿ ಬಾಲ್ ಪೆನ್ನಿಂದ ಒಂದು ಚುಕ್ಕೆ ಇಟ್ಟು ಮೂಲೆ ಮನೆಯವರಿಗೆ ಕೊಟ್ಟಿದ್ದೆ. ಸುಮ್ನೆ, ಕುತೂಹಲಕ್ಕೆ. 2023ರ ದಸರಾದಲ್ಲಿ ಗೊಂಬೆ ನೋಡೋಕೆ ಎರಡು ಬೀದಿ ಆಚೆ ಒಂದು ಮನೆಗೆ ಹೋದೆ. ತಾಂಬೂಲ ತಗೊಂಡು ಮನೆಗೆ ಬಂದು ಬಿಚ್ಚಿದರೆ ಬಾಟಲ್ ಗ್ರೀನ್. ಅಂಚಿನಲ್ಲಿ ಚುಕ್ಕೆ. ಹದಿನಾಲ್ಕು ತಿಂಗಳು ಕುವೆಂಪುನಗರ ಸುತ್ತಿ ಬಂದಿತ್ತು. ಮಡಿಕೆ ಕೂಡ ಬಿಚ್ಚಿರಲಿಲ್ಲ, ಅದೇ ಕಂಪನಿ ಮಡಿಕೆ.

ಮೊದಲು ನಗು ಬಂತು. ಆಮೇಲೆ ಕ್ಯಾಶ್ ಕೌಂಟರಿನಲ್ಲಿ ಕೂತಿದ್ದ ಬುದ್ಧಿ ಎದ್ದಿತು. ಇದು ಬಟ್ಟೆ ಅಲ್ಲವೇ ಅಲ್ಲ, ನೋಟು. ನೋಟನ್ನು ಯಾರೂ ತಿನ್ನಲ್ಲ, ಉಡಲ್ಲ, ಕೈ ಬದಲಾಯಿಸ್ತಾರೆ. ನೀನು ಬಂದದ್ದು ನನಗೆ ಸಂತೋಷ ಅನ್ನೋದಕ್ಕೆ ಒಂದು ಗುರುತು ಬೇಕು, ಅದಕ್ಕೆ ಈ ಬಟ್ಟೆ. ಹಾಗಾದರೆ ಅದನ್ನು ಸೂಟ್‌ಕೇಸಿನಲ್ಲಿ ಕೂಡಿಡುವುದೇ ತಪ್ಪು. ಹೊಲಿಸದೇ ಇರೋದು ತಪ್ಪಲ್ಲ.

ಕ್ರಮ ಹೀಗೆ ಮಾಡಿ. ಕಣಗಳನ್ನು ಅಟ್ಟದಲ್ಲಿ ಇಡಬೇಡಿ, ದೇವರಮನೆ ಹತ್ತಿರದ ಡ್ರಾಯರಿನಲ್ಲಿ ಇಡಿ. ಪ್ರತಿಯೊಂದಕ್ಕೂ ಯಾರ ಮನೆಯಿಂದ ಬಂತು ಅಂತ ಚೀಟಿ ಹಚ್ಚಿ, ಕೊಡುವಾಗ ಕೀಳಿ. ಅವರ ಮನೆಗೇ ವಾಪಸ್ ಹೋದರೆ ಮುಖ ಎಲ್ಲಿ ಇಟ್ಟುಕೊಳ್ತೀರಿ. ಚೀಟಿ ಕೀಳೋಕೆ ಮರೆತರೆ ಇನ್ನೂ ಕೆಟ್ಟದ್ದು, ಅದನ್ನು ಹೇಳಲ್ಲ. ನಿಜವಾಗಿ ಹತ್ತಿ ಬಟ್ಟೆ, ಚೆನ್ನಾಗಿರುವವು ಆರಿಸಿ ಹೊಲಿಸಿಬಿಡಿ. ಪಾಲಿಯೆಸ್ಟರ್ ಕಣಗಳನ್ನು ನಾನು ಚೀಲ ಹೊಲಿಯುವ ಒಬ್ಬರಿಗೆ ಕೊಟ್ಟೆ, ತಾಂಬೂಲದ ಚೀಲವಾಗಿ ಬಂದವು. ಅವೂ ಈಗ ಊರು ಸುತ್ತುತ್ತಿವೆ.

ಕಾಗದ ಪತ್ರ

ಇದನ್ನು ಕೊನೆಗೆ ಇಟ್ಟುಕೊಳ್ಳಿ. ಮೊದಲೇ ತೆಗೆದರೆ ಆ ದಿನ ಮುಗೀತು.

ಬ್ಯಾಂಕುಗಳು ಹಳೇ ದಾಖಲೆ ಎಷ್ಟು ವರ್ಷ ಇಡಬೇಕು ಅನ್ನುವುದಕ್ಕೆ 1985ರ ನಿಯಮ ಇದೆ. ಕೆಲವು ಪುಸ್ತಕಕ್ಕೆ 5 ವರ್ಷ, ಕೆಲವಕ್ಕೆ 8. ಮನೆಯಲ್ಲೂ ಇಂಥದ್ದೊಂದು ಬೇಕು. ಮನೆಪತ್ರ, ಜನನ ಮರಣದ ಸರ್ಟಿಫಿಕೇಟ್, ಮಾರ್ಕ್ಸ್ ಕಾರ್ಡ್, ಪೆನ್ಶನ್ ಕಾಗದ ಯಾವತ್ತಿಗೂ. ತೆರಿಗೆ ಕಾಗದ ನಾನು 8 ವರ್ಷ ಇಡುತ್ತೇನೆ, ಅಭ್ಯಾಸಬಲ. ಕರೆಂಟ್ ಬಿಲ್ಲು, ಗ್ಯಾಸ್ ಚೀಟಿ, ಇಲ್ಲದ ಫ್ರಿಜ್ಜಿನ ವಾರಂಟಿ ಕಾರ್ಡು ಎಲ್ಲ ಹೋಗಲಿ. ಅಕೌಂಟ್ ನಂಬರ್ ಇರುವುದನ್ನು ಹರಿದು ಹಾಕಿ. ಹಳೇ ಪಾಸ್‌ಬುಕ್ ಸಿಕ್ಕರೆ ಮಾತ್ರ ಬಿಸಾಡುವ ಮುಂಚೆ ನೋಡಿ. ಹತ್ತು ವರ್ಷ ಯಾರೂ ಮುಟ್ಟದ ಠೇವಣಿ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತೆ, ಆದರೂ ಸಂಬಂಧಪಟ್ಟವರು ಬ್ಯಾಂಕಿಗೆ ಬಂದು ಕೇಳಬಹುದು. ಅತ್ತೆಯ ಪಾಸ್‌ಬುಕ್ಕಿನಲ್ಲಿ ನಮಗೆ 1,140 ರೂಪಾಯಿ ಸಿಕ್ಕಿತು. ಓಡಾಟಕ್ಕೆ ಆಟೋ ಖರ್ಚು ಅದಕ್ಕಿಂತ ಸ್ವಲ್ಪ ಕಮ್ಮಿ.

ಕಾಗದಗಳ ಕಟ್ಟಿಗೆ ಯಾವ ನಿಯಮವೂ ನಡೆಯುವುದಿಲ್ಲ. ಇನ್‌ಲ್ಯಾಂಡ್ ಲೆಟರು, ಮದುವೆ ಕರೆಯೋಲೆ, ನಡುವೆ ಒಂದು ಟೆಲಿಗ್ರಾಂ. 1987ರದ್ದು. ನಾನಾಗ ಚಿತ್ರದುರ್ಗದ ಕಡೆ ಒಂದು ಶಾಖೆಯಲ್ಲಿದ್ದೆ. "ಫಾದರ್ ಸೀರಿಯಸ್ ಸ್ಟಾರ್ಟ್ ಇಮಿಡಿಯೆಟ್ಲಿ". ನಾಲ್ಕೇ ಪದ. ರಾತ್ರಿ ಬಸ್ಸಿನಲ್ಲಿ ಅಳುತ್ತಾ ಬಂದೆ. ಮನೆಗೆ ಬಂದರೆ ಅಪ್ಪ ಜಗುಲಿ ಮೇಲೆ ಕೂತು ಇಡ್ಲಿ ತಿನ್ನುತ್ತಿದ್ದರು. ಹೊಟ್ಟೆಯಲ್ಲಿ ಗ್ಯಾಸು ತುಂಬಿತ್ತಂತೆ. ಹೆದರಿಕೊಂಡು ಟೆಲಿಗ್ರಾಂ ಕೊಟ್ಟವರು ಚಿಕ್ಕಪ್ಪ. ಆಮೇಲೆ ಅಪ್ಪ ಇನ್ನೂ ಹನ್ನೊಂದು ವರ್ಷ ಇದ್ದರು. ನಿಜವಾಗಿ ಹೋದ ದಿನ ಫೋನ್ ಬಂತು, ಅದಕ್ಕೆ ಕಾಗದ ಇಲ್ಲ.

2013ರ ಜುಲೈನಲ್ಲಿ ಟೆಲಿಗ್ರಾಂ ಸೇವೆಯೇ ನಿಂತಿತು. ಅವತ್ತು ಟಿವಿಯಲ್ಲಿ ನೋಡಿದಾಗ ಇದು ಅಟ್ಟದಲ್ಲಿದೆ ಅಂತ ನನಗೆ ನೆನಪೇ ಆಗಿರಲಿಲ್ಲ. ಇಟ್ಟುಕೊಂಡೆ. ನಾನು ಮಾಡಿದ ಉಪಾಯ ಒಂದೇ: ಒಂದು ಶೂ ಡಬ್ಬಿ ತಗೊಂಡೆ, ಅದರಲ್ಲಿ ಹಿಡಿದಷ್ಟು ಕಾಗದ. ಇದು ಬೇಕಾ ಬೇಡವಾ ಅಂತ ಒಂದೊಂದಕ್ಕೂ ಕೇಳಿಕೊಂಡರೆ ಎಲ್ಲವೂ ಬೇಕು. ಡಬ್ಬಿ ತುಂಬಿದ ಮೇಲೆ ಇದಾ ಅದಾ ಅಂತ ಕೇಳಿಕೊಂಡರೆ ಕೈಗೆ ತಾನಾಗೇ ಗೊತ್ತಾಗುತ್ತೆ.

ಎಲ್ಲಿಗೆ ಕಳಿಸುವುದು

ಗುಜರಿಯವನಿಗೆ ಪೇಪರ್, ಕಬ್ಬಿಣ, ಪ್ಲಾಸ್ಟಿಕ್ ಬೇರೆ ಬೇರೆ ಮಾಡಿ ಕೊಡಿ, ಒಟ್ಟಿಗೆ ಕೊಟ್ಟರೆ ಎಲ್ಲಕ್ಕೂ ಕಡಿಮೆ ರೇಟೇ. ತಾಮ್ರದ ಹಂಡೆ, ಹಿತ್ತಾಳೆ ಕೊಳಗ ಇದ್ದರೆ ಬಾಗಿಲಲ್ಲಿ ಮಾರಬೇಡಿ, ಮನೆಯಲ್ಲೇ ತೂಕ ನೋಡಿಕೊಂಡು ಪಾತ್ರೆ ಅಂಗಡಿಗೆ ಒಯ್ಯಿರಿ. ಹಳೇ ಫೋನು, ಚಾರ್ಜರ್, ಬ್ಯಾಟರಿಗಳನ್ನು ಇ-ತ್ಯಾಜ್ಯ ತಗೊಳ್ಳುವ ಕಡೆಗೇ ಕೊಡಿ. ಟ್ಯೂಬ್‌ಲೈಟು, ಸಿಎಫ್‌ಎಲ್ ಬಲ್ಬಿನಲ್ಲಿ ಪಾದರಸ ಇರುತ್ತೆ, ಒಡೆಯಬೇಡಿ. ಮೆತ್ತಗಿನ ಹಳೇ ಸೀರೆ ಇದ್ದರೆ ಕೌದಿ ಹೊಲಿಯುವವರನ್ನು ಹುಡುಕಿ. ನಮ್ಮ ಅತ್ತೆ ಧಾರವಾಡದ ಕಡೆಯವರು, ಅವರು ಹೊಲಿದ ಕೌದಿ ಹೊದ್ದವರಿಗೆ ಆ ಬೆಚ್ಚಗೆ ಗೊತ್ತು.

ಇನ್ನು ನಾನು ಮಾಡಿದ ತಪ್ಪು. ಎರಡನೇ ಚಾಪೆಯಲ್ಲಿ ಉಳಿದದ್ದನ್ನೆಲ್ಲ ಎರಡು ಚೀಲಕ್ಕೆ ತುಂಬಿ ಮನೆಕೆಲಸಕ್ಕೆ ಬರುವಾಕೆಗೆ ಕೊಡೋಕೆ ಹೋದೆ. ಹಳೇ ಫ್ಲಾಸ್ಕು, ಬೆತ್ತದ ತೊಟ್ಟಿಲು, ಟೇಬಲ್ ಫ್ಯಾನು, ಕರ್ಟನ್ನು. ಕೊಡುವಾಗ ನನಗೆ ದಾನದ ಖುಷಿಯೂ ಇತ್ತು ಅನ್ನಿ. ಆಕೆ ಚೀಲದೊಳಗೆ ನೋಡಿದಳು. ಫ್ಯಾನ್ ಎತ್ತಿಕೊಂಡಳು. "ಇದೊಂದು ಸಾಕು ಅಕ್ಕ. ನಮ್ಮನೇಲಿ ಅಟ್ಟ ಇಲ್ವಲ್ಲ" ಎಂದಳು.

ಅವತ್ತು ಐದನೇ ಕ್ಲಾಸಿನ ಒಂದು ಕತೆ ತುಂಬಾ ಹೊತ್ತು ತಲೆಯಲ್ಲಿ ಓಡಿತು. ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದ. ಒಂದು ದಿನ ದಿನಕ್ಕಿಂತ ಜಾಸ್ತಿ ತಂದ. ಹೆಂಡತಿ ಲಕ್ಕಮ್ಮ, ನಮಗೆ ಬೇಕಾದ್ದು ಇಷ್ಟೇ, ಉಳಿದದ್ದನ್ನು ಸುರಿದು ಬಾ ಎಂದು ವಾಪಸ್ ಕಳಿಸಿದಳು. ಚಿಕ್ಕವಳಿದ್ದಾಗ ಲಕ್ಕಮ್ಮ ಸ್ವಲ್ಪ ಜೋರು ಹೆಂಗಸು ಅನ್ನಿಸಿತ್ತು. ಗಂಡ ಪಾಪ ಹೊತ್ತು ತಂದಿದ್ದಾನೆ, ನಾಳೆಗೆ ಇರಲಿ ಅನ್ನಬಾರದಾ ಅಂತ. ನಾಳೆಗೆ ಇರಲಿ! ಅಲ್ಲೇ ನಮ್ಮ ಅಟ್ಟ ಶುರುವಾದದ್ದು ಅಲ್ವಾ.

ಕೊಡುವ ಮುಂಚೆ ಕೇಳಿ, ನಿಮಗೆ ಏನು ಬೇಕು ಅಂತ. ಅವರು ಆರಿಸಿಕೊಳ್ಳಲಿ. ಉಳಿದದ್ದಕ್ಕೆ ಬೇರೆ ದಾರಿ ನೋಡಿ. ತೊಟ್ಟಿಲು ನಮ್ಮ ಬೀದಿಯಲ್ಲೇ ಮಗು ಆದ ಮನೆಗೆ ಹೋಯಿತು, ಆರು ತಿಂಗಳಿಗೆ, ಎರವಲು. ವಾಪಸ್ ಕೊಡಬೇಡಿ ಅಂತ ಹೇಳಿಯೇ ಕೊಟ್ಟಿದ್ದೇನೆ.

ಫೋನಿನ ಬಗ್ಗೆ ಒಂದು ಮಾತು

ನಮ್ಮ ಮಗ ಬೆಂಗಳೂರಿನಲ್ಲಿ ಫ್ಲ್ಯಾಟಿನಲ್ಲಿದ್ದಾನೆ. "ನಮ್ಮನೇಲಿ ಅಟ್ಟನೇ ಇಲ್ಲಮ್ಮ, ಆ ತಾಪತ್ರಯನೇ ಇಲ್ಲ" ಎಂದ. ಅವನ ಫೋನಿನಲ್ಲಿ 23,000 ಫೋಟೋ ಇದೆ. ಜಾಗ ಸಾಲದೆ ತಿಂಗಳು ತಿಂಗಳು ಬಾಡಿಗೆ ಕಟ್ಟುತ್ತಾನೆ, ಲಾಕರಿಗೆ ಕಟ್ಟಿದ ಹಾಗೆ. ನೋಡಿದರೆ ಒಂದೇ ದೋಸೆಯ ಒಂಬತ್ತು ಫೋಟೋ. ನನ್ನದೂ ಏನು ಕಮ್ಮಿ ಇಲ್ಲ, ಶುಭೋದಯದ ಹೂವುಗಳೇ ಸಾವಿರ ಇದ್ದವು. ಅಟ್ಟಕ್ಕೆ ಏಣಿಯಾದರೂ ಹಾಕಬೇಕು, ಫೋನಿಗೆ ಹೆಬ್ಬೆರಳು ಸಾಕು. ಈಗ ಹಾಲಿನವನು ಬರುವವರೆಗೆ ದಿನಾ ಇಪ್ಪತ್ತು ಅಳಿಸುತ್ತೇನೆ. ಅಷ್ಟೇ, ಅದಕ್ಕಿಂತ ಜಾಸ್ತಿ ಹೇಳೋಕೆ ನನಗೂ ಬರಲ್ಲ.

ಮತ್ತೆ ಮೇಲೆ ಇಡುವಾಗ

ಪ್ಲಂಬರ್ ಐದನೇ ದಿನ ಬಂದು, ಪೈಪು ಸರಿಮಾಡಿ, "ಎಷ್ಟು ಜಾಗ ಇದೆ ಮೇಡಂ ಮೇಲೆ, ಸುಮ್ನೆ ಖಾಲಿ ಬಿಟ್ಟಿದ್ದೀರಲ್ಲ" ಎಂದ.

ಖಾಲಿ ಅಟ್ಟಕ್ಕೆ ಸುಣ್ಣ ಹೊಡೆಸಿ, ಮೂಲೆಗೆ ಬೇವಿನ ಸೊಪ್ಪು ಹಾಕಿ. ಪೈಪಿನ ಪಕ್ಕ ಒಂದು ಕೈ ಹೋಗುವಷ್ಟು ಜಾಗ ಬಿಡಿ. ಇನ್ನು ಮೇಲೆ ಹೋಗುವ ಪ್ರತಿಯೊಂದರ ಮೇಲೂ ಮಾರ್ಕರ್ ಪೆನ್ನಿಂದ ಎರಡು ಸಾಲು ಬರೆಯಿರಿ: ಒಳಗೆ ಏನಿದೆ, ಯಾವ ತಾರೀಖಿಗೆ ಮತ್ತೆ ನೋಡುವುದು. ತಾರೀಖು ಬರೆಯೋಕೆ ಆಗದ ಸಾಮಾನು ಮೇಲೆ ಹೋಗಬಾರದು.

ದಸರಾಕ್ಕೆ ಹೊಸ ಮಿಕ್ಸಿ ತಂದೆವು. ರಟ್ಟಿನ ಡಬ್ಬವನ್ನು ಮಡಚಿ ಗುಜರಿ ಚೀಲಕ್ಕೆ ಹಾಕೋಕೆ ಹೋದೆ.

"ಇರ್ಲಿ ಬಿಡೇ, ವಾರಂಟಿಗೆ ಬೇಕಾಗುತ್ತೆ" ಎಂದರು.

"ಎಲ್ಲಿವರೆಗೆ?"

ಕನ್ನಡಕ ಹಾಕಿಕೊಂಡು ಬಿಲ್ಲು ನೋಡಿದರು. ಎರಡು ವರ್ಷ. ಮಾರ್ಕರ್ ಪೆನ್ನು ಕೊಟ್ಟೆ, ಅವರೇ ದೊಡ್ಡ ಅಕ್ಷರದಲ್ಲಿ ತಾರೀಖು ಬರೆದು ಏಣಿ ಹತ್ತಿದರು. ನಾನು ಕೆಳಗೆ ಏಣಿ ಹಿಡಿದುಕೊಂಡಿದ್ದೆ. ಇಟ್ಟು ಇಳಿಯುವ ಮುಂಚೆ ತಿರುಗಿ, "ಇನ್ನೂ ಜಾಗ ಇದೆ ಕಣೇ" ಎಂದರು.